ಎಳೆತ ಅಷ್ಟೆ

ಮೇಜಿನ ಮೇಲೆ ಅಂಗಾತ ಮಲಗಿದ ಮೇಲೆಯೇ ಅವನಿಗೆ ಗೊತ್ತಾದದ್ದು, ಆಪರೇಷನ್ ಕೋಣೆಯ ಚಾವಣಿಯಲ್ಲಿ ಒಂದು ಕಂದು ಕಲೆ ಇದೆ ಎಂದು. ಇಷ್ಟು ವರ್ಷ ಇದೇ ಕೋಣೆಯಲ್ಲಿ ನಿಂತು, ಕೂತು, ಆಕಳಿಸಿ, ತಿರುಗುವ ಸ್ಟೂಲಿನ ಮೇಲೆ ತೂಕಡಿಸಿ ಕಳೆದವನಿಗೆ ತಲೆಯೆತ್ತಿ ನೋಡುವ ಪ್ರಮೇಯವೇ ಬಂದಿರಲಿಲ್ಲ. ಚಾವಣಿ ರೋಗಿಗಳ ಪಾಲಿನದು. ಅರಿವಳಿಕೆಯ ಪ್ರೊಫೆಸರ್ ಆದವನಿಗೆ ಮಾನಿಟರ್ ಇದೆ, ಗಡಿಯಾರ ಇದೆ, ಸರ್ಜನ್ನನ ಬೋಳುತಲೆ ಇದೆ, ನೋಡುವುದಕ್ಕೆ ಬೇಕಾದಷ್ಟಿದೆ. ಕಲೆ ಒಂದು ಕಡೆಯಿಂದ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತು. ಕಣ್ಣು ಕಿರಿದು ಮಾಡಿದರೆ ಬಾಯಿ ತೆರೆದುಕೊಂಡ ಮುಖದ ಹಾಗೆ. ಮೊನ್ನೆ ಅವಳೂ ಇದನ್ನೇ ನೋಡುತ್ತ ಮಲಗಿದ್ದಳಲ್ಲವೆ ಎಂದು ಹೊಳೆದದ್ದೇ ತಡ, ಅವನು ಕಣ್ಣು ಮುಚ್ಚಿಕೊಂಡ. ಮುಚ್ಚಿದರೆ ಅವಳ ದನಿ ಕೇಳಿಸಿತು. ತೆರೆದ. ಕಲೆ. ಮುಚ್ಚಿದ. ದನಿ. ಈ ಆಟವನ್ನು ಕಂಡ ನರ್ಸ್, "ಸಾರ್ ಕಣ್ಣಿಗೆ ದೀಪ ಹೊಡೀತಿದೆ, ಸ್ವಲ್ಪ ಆ ಕಡೆ ತಿರುಗಿಸಿ" ಎಂದು ಯಾರಿಗೋ ಹೇಳಿದಳು.

ಅವನಿಗೆ ಆಗಬೇಕಾಗಿದ್ದದ್ದು ದೊಡ್ಡ ಆಪರೇಷನ್ನೇನೂ ಅಲ್ಲ. ಬಲ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಹತ್ತಿರ, ಗೋಲಿಯಷ್ಟು ದಪ್ಪದ ಒಂದು ಗಂಟು. ತಾನಾಗಿ ಕರಗೀತು ಎಂದು ಕಾದ, ಕರಗಲಿಲ್ಲ. ಮೂಳೆ ಡಾಕ್ಟರು, ಅಂದರೆ ಇಡೀ ಆಸ್ಪತ್ರೆ ಬಾಯಿತುಂಬ 'ಬಡಗಿ' ಎಂದು ಕರೆಯುವ ಅವನ ಸಹಪಾಠಿ, ಅದನ್ನು ತೆಗೆದುಹಾಕುವುದೆಂದು ಗೊತ್ತಾಗಿತ್ತು. ಮೂಳೆಯವರ ಕೋಣೆಗೆ ಬಣ್ಣ ಬಳಿಯುತ್ತಿದ್ದುದರಿಂದ ಹೆರಿಗೆಯವರ ಈ ಕೋಣೆಯನ್ನು ಬೇಡಿ ಪಡೆದಿದ್ದರು. ಪೂರ್ತಿ ಮಂಪರು ಬೇಡ, ತೋಳೊಂದನ್ನೇ ಮರಗಟ್ಟಿಸಿದರೆ ಸಾಕು, ಅದನ್ನೂ ತನ್ನ ಶಿಷ್ಯೆಯೇ ಮಾಡಲಿ ಎಂದು ಅವನೇ ದೊಡ್ಡ ಮನಸ್ಸಿನಿಂದ ಹೇಳಿದ್ದ. ದೊಡ್ಡ ಮನಸ್ಸು ಮಾಡುವಾಗ ಅವನು ಸ್ಟೂಲಿನ ಮೇಲೆ ಕೂತಿದ್ದ. ಈಗ ಮೇಜಿನ ಮೇಲೆ, ಹಿಂದೆ ಲಾಡಿ ಬಿಚ್ಚಿಕೊಳ್ಳುವ ಆ ಹಸಿರು ನಿಲುವಂಗಿಯಲ್ಲಿ, ಕಾಲ್ಚೀಲ ಮಾತ್ರ ತನ್ನದು ಎಂಬ ಸ್ಥಿತಿಯಲ್ಲಿ, ಆ ಮನಸ್ಸು ಎಲ್ಲಿ ಹೋಯಿತೆಂದು ಹುಡುಕುತ್ತಿದ್ದ.

ಶಿಷ್ಯೆ ಗುಬ್ಬಚ್ಚಿಯಷ್ಟು ಗಾತ್ರದ ಹುಡುಗಿ. ಸೂಜಿ ಹಿಡಿದರೆ ಮಾತ್ರ ಕೈ ಅಲ್ಲಾಡುವುದಿಲ್ಲ ಎಂದು ಜೊತೆಯವರು ಅವಳಿಗೆ ಸೂಜಿಮಲ್ಲಿಗೆ ಎಂದು ಹೆಸರಿಟ್ಟಿದ್ದರು. ಅವಳು ಅವನ ಕಾಲರ್ ಮೂಳೆಯ ಮೇಲೆ ತಣ್ಣನೆಯ ಲೋಳೆ ಸವರಿ, ಸ್ಕ್ಯಾನಿನ ಕಡ್ಡಿ ಒತ್ತಿ, ತೋಳಿಗಿಳಿಯುವ ನರಗಳೆಲ್ಲ ಗುಂಪುಗೂಡುವ ಜಾಗವನ್ನು ಪರದೆಯ ಮೇಲೆ ಹುಡುಕಿ ಮದ್ದು ಬಿಟ್ಟಳು. ಚೆನ್ನಾಗಿಯೇ ಬಿಟ್ಟಳು. ಸ್ವಲ್ಪ ಹೊತ್ತಿಗೆ ತೋಳು ಬಿಸಿಯಾಯಿತು, ಭಾರವಾಯಿತು, ಆಮೇಲೆ ಯಾರೋ ಪಕ್ಕದಲ್ಲಿ ಮರೆತುಹೋದ ಸಾಮಾನಿನಂತಾಯಿತು. ಅವಳು ಐಸಿನ ತುಂಡು ತಂದು ಕಿರುಬೆರಳಿನ ಕಡೆ ಮುಟ್ಟಿಸಿದಳು.

"ತಣ್ಣಗೆ ಗೊತ್ತಾಗ್ತಿದ್ಯಾ ಸಾರ್?"

"ಇಲ್ಲ."

"ಹಾಗಾದ್ರೆ ಶುರು ಮಾಡಬಹುದು," ಎಂದು ಅವಳು ಐಸನ್ನು ಬಟ್ಟಲಿಗೆ ಹಾಕಿದಳು.

ಹೆಬ್ಬೆರಳಿನ ಕಡೆಯೂ ಮುಟ್ಟಿ ನೋಡು ಎನ್ನಬೇಕೆಂದು ಬಾಯಿ ತೆರೆದ. ಎರಡು ಕಡೆಯೂ ನೋಡಬೇಕು, ಕೊಯ್ಯುವ ಜಾಗದಲ್ಲಂತೂ ನೋಡಲೇಬೇಕು ಎಂದು ಪ್ರತಿವರ್ಷ ಮೊದಲ ಪಾಠದಲ್ಲೇ ಮೇಜು ಕುಟ್ಟಿ ಹೇಳುವವನು ಅವನೇ. ಆದರೆ ಮೊನ್ನೆ ಈ ಹುಡುಗಿ ಇದೇ ಕೋಣೆಯಲ್ಲಿ, ಅವನ ಬೆನ್ನ ಹಿಂದೆಯೇ ನಿಂತಿದ್ದಳು. ಆವತ್ತು ಗುರುಗಳು ಐಸನ್ನು ಎಷ್ಟು ಕಡೆ ಮುಟ್ಟಿಸಿದರು ಎಂದು ಕಣ್ಣಾರೆ ಕಂಡವಳು. ಈಗ ಬಾಯಿ ಬಿಟ್ಟರೆ ಇವಳ ಹುಬ್ಬು ಮೇಲೇರಬಹುದು. ಮಾಸ್ಕಿನ ಮೇಲೆ ಕಾಣುವುದು ಹುಬ್ಬೊಂದೇ, ಅದೇ ಸಾಕು. ಅವನು ತೆರೆದ ಬಾಯಿಯನ್ನು ಆಕಳಿಕೆ ಮಾಡಿ ಮುಚ್ಚಿದ.

ಮೊನ್ನೆ ಆದದ್ದಿಷ್ಟು. ಚೊಚ್ಚಲ ಹೆರಿಗೆಗೆ ಬಂದ ಹೆಂಗಸು. ಮಗು ಅಡ್ಡ ತಿರುಗಿತ್ತು, ಹೊಟ್ಟೆ ಕೊಯ್ದು ತೆಗೆಯಬೇಕಾಗಿತ್ತು. ಅವನು ಬೆನ್ನಿಗೆ ಮದ್ದು ಕೊಟ್ಟ. ಸೊಂಟದಿಂದ ಕೆಳಗೆ ಮರಗಟ್ಟುತ್ತದೆ, ತಾಯಿ ಎಚ್ಚರವಾಗಿಯೇ ಇರುತ್ತಾಳೆ, ಎದೆಯ ಮೇಲೊಂದು ಪರದೆ, ಪರದೆಯ ಈಚೆಗೆ ಅವಳ ತಲೆಯ ಹತ್ತಿರ ಸ್ಟೂಲಿನ ಮೇಲೆ ಅವನು. ಹೆದರಿದ ಹೆಂಗಸರನ್ನು ಮಾತಿಗೆಳೆದು ಹೆದರಿಕೆ ಮರೆಸುವುದರಲ್ಲಿ ಅವನದು ಎತ್ತಿದ ಕೈ. ಏನಮ್ಮ ಕೆಲಸ ಎಂದು ಕೇಳಿದ್ದ. ಫೋನ್ ಕಂಪನಿಯ ದೂರು ಕೇಂದ್ರ ಸಾರ್, ಇಡೀ ದಿನ ಜನರ ದೂರು ಕೇಳೋದು ಎಂದಿದ್ದಳು. "ಹಾಗಾದ್ರೆ ಇವತ್ತು ನಿಮಗೆ ರಜ. ಇಲ್ಲಿ ದೂರೇ ಇರಲ್ಲ," ಎಂದು ತಾನೇ ನಕ್ಕಿದ್ದ. ಹೆರಿಗೆ ಡಾಕ್ಟರು ಆಚೆ ಕಡೆಯಿಂದ ಬೇಗ ಬೇಗ ಎನ್ನುತ್ತಿದ್ದರು, ಹೊರಗೆ ಇನ್ನೊಬ್ಬ ಬಸುರಿ ಕಾಯುತ್ತಿದ್ದಳು. ಅವನು ಐಸನ್ನು ತನ್ನ ಕೈಗೆ ಎಟುಕುವ ಕಡೆ, ಅವಳ ಎಡಗಡೆ, ಮುಟ್ಟಿಸಿ, ಸರಿ, ಶುರು ಮಾಡಿ ಎಂದ. ಬಲಗಡೆ ಮುಟ್ಟಬೇಕಾದರೆ ಎದ್ದು ಮೇಜಿನ ಸುತ್ತ ಬರಬೇಕಾಗಿತ್ತು. ಅಷ್ಟೆ, ಎದ್ದು ಬರಬೇಕಾಗಿತ್ತು. ಕತ್ತಿ ಬಲಕ್ಕೆ ಸರಿದಾಗ ಅವಳು ಒಮ್ಮೆಗೇ ಕತ್ತು ತಿರುಗಿಸಿ, "ಸಾರ್, ನೋವಾಗ್ತಿದೆ" ಎಂದಳು.

"ಅದು ನೋವಲ್ಲಮ್ಮ. ಎಳೆತ ಅಷ್ಟೆ."

ಈ ಮಾತು ಅವನ ಬಾಯಲ್ಲಿ ಸಾವಿರಾರು ಸಲ ಬಂದದ್ದು; ಹೆಚ್ಚಿನ ಸಲ ನಿಜವೂ ಹೌದು. ಬೆನ್ನಿಗೆ ಕೊಡುವ ಮದ್ದು ನೋವನ್ನು ಅಳಿಸುತ್ತದೆಯೇ ಹೊರತು ಮುಟ್ಟುವುದನ್ನು, ಎಳೆಯುವುದನ್ನು ಪೂರ್ತಿ ಅಳಿಸುವುದಿಲ್ಲ. ತಾಯಂದಿರು ಹೆದರಿ ಅದನ್ನೇ ನೋವೆನ್ನುತ್ತಾರೆ. ಹಾಗಲ್ಲ ಎಂದು ಹೇಳಿದರೆ ಸಮಾಧಾನವಾಗುತ್ತಾರೆ. ಆದರೆ ಹೇಳುವ ಮುಂಚೆ ಒಂದು ಮಾತು ಕೇಳಬೇಕು: ಎಲ್ಲಿ? ಅವನ ಎರಡನೆಯ ಪಾಠ ಇಡಿಯಾಗಿ ಈ ಒಂದು ಮಾತಿನ ಮೇಲೆಯೇ. ಆವತ್ತು ಅವನು ಕೇಳಲಿಲ್ಲ. ಮರೆತು ಕೇಳದೆ ಇದ್ದದ್ದೂ ಅಲ್ಲ. ಕೇಳಿದರೆ ಅವಳು ಬಲಗಡೆ ಎನ್ನುತ್ತಾಳೆಂದು ಗೊತ್ತಿತ್ತು. ಅವಳು ಇನ್ನೊಮ್ಮೆ ನೋವು ಎಂದಳು, ಅವನು ಇನ್ನೊಮ್ಮೆ ಎಳೆತ ಎಂದ. ಆಮೇಲೆ ಅವಳು ಏನೂ ಹೇಳಲಿಲ್ಲ, ಚಾವಣಿ ನೋಡುತ್ತ ತುಟಿ ಕಚ್ಚಿಕೊಂಡಿದ್ದಳು. ಮಗು ಹೊರಗೆ ಬಂದ ಮೇಲೆ ಅವನು ರಕ್ತನಾಳಕ್ಕೊಂದು ಮದ್ದು ಕೊಟ್ಟು ಅವಳನ್ನು ಮಲಗಿಸಿದ. ಅದನ್ನು ಮುಂಚೆಯೇ ಕೊಡಬಹುದಿತ್ತು. ಕೊಟ್ಟರೆ ನೋವಿತ್ತೆಂದು ಒಪ್ಪಿದ ಹಾಗಾಗುತ್ತಿತ್ತು.

ಆದರೂ ಅವಳು ಐದು ಕೊಟ್ಟಿದ್ದಳು! ಎರಡು ದಿನದಿಂದ ಅವನು ಆ ಐದನ್ನು ಹಿಡಿದುಕೊಂಡೇ ಓಡಾಡುತ್ತಿದ್ದ. ಅವನೂ ಅವನ ಹೆಂಡತಿಯೂ ಸೇರಿ ಒಂದು ಸಂಶೋಧನೆ ನಡೆಸಿದ್ದರು. ಹೆಂಡತಿ ಇದೇ ಆಸ್ಪತ್ರೆಯ ಇನ್ನೊಂದು ಕಟ್ಟಡದಲ್ಲಿ ತಾಯಿ-ಮಗುವಿನ ಪೌಷ್ಟಿಕತೆಯ ವಿಭಾಗದವಳು. ಅರಿವಳಿಕೆ ಸರಿಯಾಗಿ ಆಗಿ ನೋವಿಲ್ಲದ ತಾಯಿ ಮೊದಲ ಗಂಟೆಯೊಳಗೆ ಮಗುವಿಗೆ ಹಾಲೂಡಿಸುತ್ತಾಳೆ ಎಂದು ತೋರಿಸುವುದು ಅವರ ಉದ್ದೇಶ. ಅವನ ಪಾಲಿಗೆ ತಾಯಿಯ ತೃಪ್ತಿ, ಒಂದರಿಂದ ಐದರವರೆಗೆ ಅಂಕ; ಅವಳ ಪಾಲಿಗೆ ಮಗುವಿನ ಮೊದಲ ಹಾಲು. ಅವನ ಕಡೆ ಎಲ್ಲಿ ನೋಡಿದರೂ ಐದೇ ಐದು. ಅಷ್ಟು ಐದುಗಳ ಸಾಲಿನಲ್ಲಿ ಈ ಹೆಂಗಸೂ ತಣ್ಣಗೆ ಒಂದು ಐದು ಬರೆಸಿದ್ದಳು. ನೋವಾಗಿದ್ದರೆ ಐದು ಕೊಡುತ್ತಿದ್ದಳೆ? ಎಂದ ಮೇಲೆ ಅದು ಎಳೆತವೇ. ಹೀಗೆ ವಾದಿಸಿ ವಾದಿಸಿ ಅವನು ತನ್ನ ಕೇಸನ್ನು ತಾನೇ ಗೆಲ್ಲುತ್ತಿದ್ದ, ಗೆದ್ದ ಮರುಕ್ಷಣ ಇನ್ನೊಮ್ಮೆ ಮೊದಲಿಂದ ವಾದಿಸುತ್ತಿದ್ದ.

ಬೆಳಿಗ್ಗೆ ಹೆಂಡತಿ ಎಲ್ಲ ಕೆಡಿಸಿದ್ದಳು. ಊರಿನ ತಾಯಂದಿರೆಲ್ಲ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ತೂಕ ಹಾಕಿ ಹೇಳುವ ಈ ಮಹಾತಾಯಿ ಸ್ವತಃ ಬದುಕುವುದು ಟೀ ಮತ್ತು ಬಿಸ್ಕತ್ತಿನ ಮೇಲೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಅವನು ರೇಗಿಸಿದರೆ, ಬದನೆಕಾಯಿಯಲ್ಲಾದರೂ ನಾರಿರುತ್ತೆ, ಇದರಲ್ಲಿ ಅದೂ ಇಲ್ಲ ಎಂದು ಇನ್ನೊಂದು ಬಾಯಿಗೆ ಹಾಕಿಕೊಳ್ಳುವಳು. ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ಮುರಿದು ಬೀಳುವ ಮುಂಚಿನ ಆ ಸೂಕ್ಷ್ಮ ಕ್ಷಣದಲ್ಲಿ ಮೇಲೆತ್ತುತ್ತ ಹೇಳಿದ್ದಳು:

"ರೀ, ಆ ದೂರು ಕೇಂದ್ರದ ಹುಡುಗಿದು ನನಗೆ ಅರ್ಥವೇ ಆಗ್ತಿಲ್ಲ. ನಿಮ್ಮ ಕಡೆ ಐದು, ನನ್ನ ಕಡೆ ಸೊನ್ನೆ. ಮಗು ಪಕ್ಕದಲ್ಲೇ ಇದ್ರೂ ಸಂಜೆ ತನಕ ಹಾಲು ಕೊಟ್ಟಿಲ್ಲ."

"ಅಂಥವು ಒಂದೆರಡು ಇರುತ್ತೆ ಬಿಡು."

"ಒಂದೆರಡಲ್ಲ, ಒಂದೇ ಒಂದು. ಒಂದೇ ಇದ್ದರೆ ಅದಕ್ಕೊಂದು ಕಾರಣ ಇರುತ್ತೆ. ಮಧ್ಯಾಹ್ನ ಊಟ ಮುಗಿಸಿ ನಾನೇ ಹೋಗಿ ಕೇಳ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ಹೆಗಲಿಗೆ ಹೋಗಿತ್ತು. ಈಗ ಮೇಜಿನ ಮೇಲೆ ಆ ಹೆಗಲನ್ನು ಮುಟ್ಟಿಕೊಂಡರೆ ಹೆಗಲಿಗೇ ಗೊತ್ತಾಗುತ್ತಿರಲಿಲ್ಲ. ಅಷ್ಟರಮಟ್ಟಿಗೆ ಮದ್ದು ಒಳ್ಳೆಯದು ಎಂದುಕೊಳ್ಳುತ್ತಿರುವಾಗ ಬಡಗಿ, "ಏನಯ್ಯಾ, ರೆಡಿನಾ?" ಎಂದು ಚರ್ಮಕ್ಕೆ ಕತ್ತಿ ಇಟ್ಟ.

ಮೊದಲು ಏನೂ ಇಲ್ಲ. ಯಾರೋ ಪಕ್ಕದ ಮನೆಯಲ್ಲಿ ತರಕಾರಿ ಹೆಚ್ಚುತ್ತಿರುವ ಹಾಗೆ ದೂರದ ಸದ್ದು ಮಾತ್ರ. ಕತ್ತಿ ಹೆಬ್ಬೆರಳಿನ ಬುಡದ ಕಡೆಗೆ ಹೊರಳಿತು, ಹೊರಳಿದ್ದೇ ಒಂದು ಸಣ್ಣ ಬೆಂಕಿ, ಕಡ್ಡಿ ಗೀರಿದಷ್ಟು, ಮಣಿಕಟ್ಟಿನಿಂದ ಹೊರಟು ನೇರ ಹಲ್ಲಿನ ಬೇರಿಗೆ ಬಂದು ಮುಟ್ಟಿತು. ಇಡೀ ತೋಳು ಸತ್ತುಬಿದ್ದಿದೆ, ಇದೊಂದು ಬೆರಳಗಲದ ಜಾಗ ಮಾತ್ರ ಬದುಕಿಕೊಂಡಿದೆ! ಕೂಗಿಬಿಡಬೇಕೆನ್ನಿಸಿತು. ಅರಿವಳಿಕೆಯ ಪ್ರೊಫೆಸರು, ತನ್ನ ವಿಭಾಗದವರೇ ಕೊಟ್ಟ ಅರಿವಳಿಕೆಯಲ್ಲಿ, ಬಡಗಿಯ ಮುಂದೆ ಕೂಗಿಕೊಂಡ ಎಂದರೆ ಸಂಜೆಯೊಳಗೆ ಲಾಂಡ್ರಿಯವರ ತನಕ ಸುದ್ದಿ. ಕೂಗಲಿಲ್ಲ. ಬಹಳ ಮರ್ಯಾದೆಯಿಂದ, ಹವಾಮಾನದ ವಿಷಯ ಹೇಳುವವನ ಹಾಗೆ, "ಸ್ವಲ್ಪ ನೋವಾಗ್ತಿದೆ" ಎಂದ.

ಸೂಜಿಮಲ್ಲಿಗೆ ಅವನ ತಲೆಯ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದಳು. ಬಾಗಿ, ಅತ್ಯಂತ ಮೃದುವಾಗಿ, ಕಲಿತ ಪಾಠವನ್ನು ಗುರುವಿಗೇ ಒಪ್ಪಿಸುವ ಶ್ರದ್ಧೆಯಿಂದ ಹೇಳಿದಳು: "ಅದು ನೋವಲ್ಲ ಸಾರ್. ಎಳೆತ ಅಷ್ಟೆ."

ಮಾಡಿದ್ದುಣ್ಣೋ ಮಹಾರಾಯ. ಅವನಿಗೆ ಒಂದು ಕ್ಷಣ ನಗು ಬಂತು, ಇನ್ನೊಂದು ಕ್ಷಣ ಕೋಪ, ಮೂರನೆಯ ಕ್ಷಣದಲ್ಲಿ ಬಂದದ್ದು ಇವೆರಡೂ ಅಲ್ಲದ ಬೇರೆಯೇ ಒಂದು. ಅದೇ ಮಾತು, ಅದೇ ಇಳಿದನಿ, ಎಳೆತ ಎನ್ನುವಾಗ ಅದೇ ಒಂದಿಷ್ಟು ರಾಗ. ಹೊರಗಿನಿಂದ ಎಂದೂ ಕೇಳಿಸಿಕೊಳ್ಳದ ತನ್ನ ದನಿಯನ್ನು ಅವನು ಮೊದಲ ಸಲ ಕೇಳಿಸಿಕೊಂಡ. ವಿಚಿತ್ರವೆಂದರೆ, ಕೇಳಿದೊಡನೆ ಅವನಿಗೆ ತನ್ನ ನೋವಿನ ಮೇಲೇ ಅನುಮಾನ ಬಂತು. ಎಳೆತವೇ ಇರಬಹುದೆ? ಇಷ್ಟು ಖಚಿತವಾಗಿ ಹೇಳುತ್ತಿದ್ದಾಳೆ, ಓದಿದ ಹುಡುಗಿ, ಪಕ್ಕದಲ್ಲೇ ಕೂತಿದ್ದಾಳೆ. ತನ್ನದೇ ಹೆದರಿಕೆ ಇರಬೇಕು. ಮತ್ತೆ ಕಡ್ಡಿ ಗೀರಿತು. ಇಲ್ಲ, ಇದು ನೋವು. ಅಪ್ಪಟ ನೋವು. ಆದರೆ ಇನ್ನೊಮ್ಮೆ ಹೇಳಿದರೆ ಇನ್ನೊಮ್ಮೆ ಎಳೆತ ಎನ್ನುತ್ತಾಳೆ. ಆ ಮಾತು ಇನ್ನೊಮ್ಮೆ ಕೇಳುವುದಕ್ಕಿಂತ ನೋವೇ ವಾಸಿ ಎಂದು ಅವನು ತುಟಿ ಪಿಟಕ್ಕೆನ್ನದೆ ಮಲಗಿದ. ಚಾವಣಿಯ ಮುಖ ಬಾಯಿ ತೆರೆದುಕೊಂಡು ಅವನನ್ನೇ ನೋಡುತ್ತಿತ್ತು. ಸುಮ್ಮನಿರುವುದೆಂದರೆ ನೋವಿಲ್ಲ ಎಂದಲ್ಲ ಎನ್ನುವುದು ಅವನಿಗೆ ಈ ವಯಸ್ಸಿನಲ್ಲಿ, ಈ ನಿಲುವಂಗಿಯಲ್ಲಿ, ತಿಳಿಯಬೇಕಾಗಿತ್ತು.

ಬಡಗಿ ಗಂಟನ್ನು ಬಟ್ಟಲಿನಲ್ಲಿ ಹಾಕಿ, ಮುತ್ತು ಸಿಕ್ಕಿತು ನೋಡಯ್ಯಾ ಎಂದು ತೋರಿಸಿ ಹೋದ. ಪಟ್ಟಿ ಕಟ್ಟಿದ ಮೇಲೆ ಸೂಜಿಮಲ್ಲಿಗೆ ನಾಚುತ್ತ ಬಂದಳು. ಅರಿವಳಿಕೆ ಕೊಟ್ಟವರೆಲ್ಲ ಕೇಳಲೇಬೇಕೆಂದು ಅವನೇ ಮಾಡಿದ ನಿಯಮ.

"ಸಾರ್, ಒಂದರಿಂದ ಐದರಲ್ಲಿ, ನಿಮಗೆ ಎಷ್ಟು ತೃಪ್ತಿ?"

ಅವಳ ಕಣ್ಣು ನೋಡಿದ. ನಿದ್ದೆಗೆಟ್ಟ ಕಣ್ಣು. ಮುಂದಿನ ತಿಂಗಳು ಇವಳಿಗೆ ಪರೀಕ್ಷೆ. ಗುರುವಿಗೇ ಕೊಟ್ಟ ಅರಿವಳಿಕೆ ಕೈಕೊಟ್ಟಿತೆಂದು ಗೊತ್ತಾದರೆ ಸೂಜಿ ಹಿಡಿದ ಕೈ ನಡುಗಲು ಶುರುವಾಗಬಹುದು. ಅಲ್ಲದೆ, ಮೂರು ಎಂದರೆ ಯಾಕೆ ಎನ್ನುತ್ತಾಳೆ. "ಐದು," ಎಂದ. ಎಂದ ಮೇಲೆ ತಾನೇನಂದೆ ಎಂದು ಅವನಿಗೆ ಕೇಳಿಸಿತು. ಎರಡು ದಿನದಿಂದ ಹಿಡಿದುಕೊಂಡು ಓಡಾಡಿದ ಐದು ಅವನ ಕೈಯಿಂದ ಜಾರಿ ಬಿತ್ತು.

"ಥ್ಯಾಂಕ್ಸ್ ಸಾರ್. ನಿಜ ಹೇಳಬೇಕೂಂದ್ರೆ ನಂಗೆ ಭಯ ಇತ್ತು, ಎಳೆತದ ಮೇಷ್ಟ್ರಿಗೇ ನಾನು—" ಎಂದವಳು ಫಕ್ಕನೆ ನಾಲಿಗೆ ಕಚ್ಚಿಕೊಂಡಳು. ಮಾಸ್ಕಿನ ಮೇಲೆ ಹುಬ್ಬುಗಳೆರಡೂ ಕೆಳಗಿಳಿದವು. ಹೀಗೆ ಅವನಿಗೆ ತನ್ನ ಅಡ್ಡಹೆಸರೂ ಅದೇ ದಿನ ತಿಳಿಯಿತು.

ಮನೆಗೆ ಹೋಗಿ ಮಲಗಿ ಎಂದು ಎಲ್ಲರೂ ಹೇಳಿದರು. ಅವನು ಬಿಳಿ ಕೋಟು ತೊಟ್ಟು ಹೊರಟದ್ದು ಹೆರಿಗೆ ವಾರ್ಡಿಗೆ. ಹೆಂಡತಿ ಊಟ ಮುಗಿಸುವ ಮುಂಚೆ, ಅಂದರೆ ಎರಡನೆಯ ಬಿಸ್ಕತ್ತಿನ ಮುಂಚೆ, ತಾನು ಅಲ್ಲಿರಬೇಕು. ಹೋಗಿ ಏನು ಹೇಳುವುದೆಂದು ಗೊತ್ತಿರಲಿಲ್ಲ. ಹೇಗಿದ್ದೀಯಮ್ಮ ಎನ್ನಬಹುದು, ಅವಳು ಚೆನ್ನಾಗಿದ್ದೀನಿ ಎಂದರೆ ಬೀಸೋ ದೊಣ್ಣೆ ತಪ್ಪಿತು ಎಂದು ವಾಪಸು ಬರಬಹುದು. ಸತ್ಯ ಹೇಳುವುದಕ್ಕೆ ಹೊರಟವನ ತಲೆಯಲ್ಲೂ ಇಂಥ ಕಳ್ಳದಾರಿ ಇದ್ದದ್ದಕ್ಕೆ ನಾಚಿಕೆಯಾಯಿತು. ತೋಳನ್ನು ಕತ್ತಿಗೆ ತೂಗುಹಾಕಿದ್ದ ಜೋಳಿಗೆಯ ಪಟ್ಟಿ ರೋಗಿಯ ಕಳೆ ಕೊಡುತ್ತದೆಂದು ಅದನ್ನು ಬಿಚ್ಚಿ ಜೇಬಿಗಿಟ್ಟು, ಸತ್ತ ಕೈಯನ್ನು ಎಡಗೈಯಿಂದ ಎತ್ತಿ ಲಿಫ್ಟಿನ ಕಂಬಿಯ ಮೇಲೆ ಕೂರಿಸಿದ. ಲಿಫ್ಟು ಕುಲುಕಿತು, ಕೈ ಜಾರಿ ಮುಂದೆ ನಿಂತಿದ್ದ ಅಪರಿಚಿತ ಮುದುಕನ ಹೆಗಲ ಮೇಲೆ ಧೊಪ್ಪನೆ ಬಿತ್ತು. ಮುದುಕ ತಿರುಗಿ ನೋಡಿದ, ಬಿಳಿ ಕೋಟು ನೋಡಿದ, ಅವನ ಕಣ್ಣು ತುಂಬಿಬಂತು.

"ಪರವಾಗಿಲ್ಲ ಡಾಕ್ಟ್ರೇ, ಧೈರ್ಯವಾಗಿದ್ದೀನಿ. ಅವಳಿಗೂ ವಯಸ್ಸಾಯ್ತಲ್ಲ. ನೀವಾದ್ರೂ ಹೆಗಲ ಮೇಲೆ ಕೈ ಇಟ್ರಿ."

ಇಟ್ಟದ್ದಲ್ಲ, ಬಿದ್ದದ್ದು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಕೈ ತೆಗೆಯಲೂ ಬರಲಿಲ್ಲ. ಎಡಗೈಯಿಂದ ಎತ್ತಿ ತೆಗೆದರೆ ಎಂಥ ಅಪಚಾರ! ಹಾಗೆಯೇ ಎರಡು ಮಹಡಿ ಏರಿದರು. ಮುದುಕ ಇಳಿಯುವಾಗ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಒತ್ತಿದ. ಅವನಿಗೆ ಏನೂ ಗೊತ್ತಾಗಲಿಲ್ಲ, ಒತ್ತಿದ್ದು ಕಣ್ಣಿಗೆ ಮಾತ್ರ ಕಂಡಿತು. ಬದುಕಿದ್ದಾಗ ಈ ಕೈ ಯಾರ ಹೆಗಲ ಮೇಲೂ ಬಿದ್ದದ್ದು ಅವನಿಗೆ ನೆನಪಾಗಲಿಲ್ಲ.

ದೂರು ಕೇಂದ್ರದವಳು ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೊರಗಿ ಕೂತಿದ್ದಳು. ಮಗು ಬಟ್ಟೆಯ ಸುರುಳಿಯೊಳಗೆ ಮೂಗು ಮಾತ್ರ ತೋರಿಸುತ್ತ ಮಲಗಿತ್ತು. ಅವಳ ಅತ್ತೆ ಕುರ್ಚಿಯಲ್ಲಿ ಕೂತು ಟೋಪಿ ಹೆಣೆಯುತ್ತಿದ್ದರು. ಅವನನ್ನು ಕಂಡದ್ದೇ ಅತ್ತೆ ಎದ್ದುನಿಂತರು.

"ಬನ್ನಿ ಡಾಕ್ಟ್ರೇ, ನೀವೇ ಸ್ವಲ್ಪ ಬುದ್ಧಿ ಹೇಳಿ ಇವಳಿಗೆ. ಬಂದವರ ಹತ್ರ ಎಲ್ಲ ಕೊಯ್ಯುವಾಗ ನೋವಾಯ್ತು ನೋವಾಯ್ತು ಅಂತ ಹೇಳ್ತಾಳೆ. ಪಕ್ಕದ ಮಂಚದವಳಿಗೆ ಆಗಿಲ್ಲ, ಅದರಾಚೆಯವಳಿಗೆ ಆಗಿಲ್ಲ, ಇವಳೊಬ್ಬಳಿಗೆ ಆಯ್ತಂತೆ. ದೊಡ್ಡ ಡಾಕ್ಟ್ರು ತಲೆ ಹತ್ರ ಕೂತು ಎಳೆತ ಅಂತ ಹೇಳಿದ್ರಂತಲ್ಲ, ಅವರಿಗಿಂತ ನಿಂಗೆ ಜಾಸ್ತಿ ಗೊತ್ತಾ ಅಂತ ನಾನಂದೆ."

ಸೊಸೆ ಕಿಟಕಿಯ ಕಡೆ ಮುಖ ಮಾಡಿಕೊಂಡಳು. ಕಳ್ಳದಾರಿ ಅವನ ಮುಂದೆ ಹೆದ್ದಾರಿಯಾಗಿ ತೆರೆದುಕೊಂಡಿತ್ತು. ಹೌದಮ್ಮ, ಎಳೆತ ಅಷ್ಟೆ ಎಂದರೆ ಅತ್ತೆಗೆ ಸಂತೋಷ, ಹೆಂಡತಿ ಬಂದಾಗ ಇದೇ ಅತ್ತೆಯೇ ಸಾಕ್ಷಿ, ಪ್ರಬಂಧಕ್ಕೂ ಕ್ಷೇಮ. ಮಾತು ನಾಲಿಗೆಯ ತುದಿಗೇ ಬಂದಿತ್ತು, ಅಭ್ಯಾಸ ಬಲವಾದದ್ದು. ಆದರೆ ಆ ತಿರುಗಿದ ಕತ್ತನ್ನು ಅವನು ಮೊನ್ನೆ ನೋಡಿದ್ದ.

"ಅದು ನೋವೇ ಆಗಿತ್ತು," ಎಂದ. ದನಿ ತನ್ನದಲ್ಲವೆನ್ನುವಷ್ಟು ಸಣ್ಣಗೆ ಬಂತು. "ಮದ್ದು ಬಲಗಡೆ ಸರಿಯಾಗಿ ಹಿಡಿದಿರಲಿಲ್ಲ. ನಾನು ಆ ಕಡೆ ಮುಟ್ಟಿ ನೋಡಲಿಲ್ಲ. ನೀವು ಹೇಳಿದಾಗಲೂ ಕೇಳಲಿಲ್ಲ. ನನ್ನ ತಪ್ಪು."

ಅವಳು ತಿರುಗಿದಳು. ಕಣ್ಣೀರಾಗಲಿ ಕೋಪವಾಗಲಿ ಬರುತ್ತದೆಂದು ಅವನು ಮೈ ಬಿಗಿಹಿಡಿದು ನಿಂತ. ಎರಡೂ ಬರಲಿಲ್ಲ. ಅವಳು ಬಹಳ ವ್ಯವಹಾರದ ದನಿಯಲ್ಲಿ, "ಇನ್ನೊಂದ್ಸಲ ಹೇಳಿ ಸಾರ್. ಅತ್ತೆಗೆ ಕಿವಿ ಸ್ವಲ್ಪ ಮಂದ" ಎಂದಳು.

ಅವನು ಗಟ್ಟಿಯಾಗಿ ಹೇಳಿದ. ಪಕ್ಕದ ಮಂಚದವಳು ಎದ್ದು ಕೂತಳು. ಅತ್ತೆಯ ಕೈಯಲ್ಲಿದ್ದ ಟೋಪಿಯ ಹೆಣಿಗೆ ನಿಂತಿತು. "ಒಂದು ನಿಮಿಷ," ಎಂದು ಸೊಸೆ ಫೋನು ತೆಗೆದು ಗಂಡನಿಗೆ ಹಚ್ಚಿ, ಸ್ಪೀಕರಿಗೆ ಹಾಕಿ, ಅವನ ಬಾಯಿಯ ಮುಂದೆ ಹಿಡಿದಳು. ಬಸ್ಸಿನ ಗದ್ದಲದ ನಡುವೆ ಗಂಡ, ಯಾರು, ಯಾವ ಡಾಕ್ಟ್ರು ಎನ್ನುತ್ತಿದ್ದ. ಅವನು ಮೂರನೆಯ ಸಲ ಹೇಳಿದ. "ಅಯ್ಯೋ, ಹೌದಾ? ಅವಳು ಹೇಳಿದ್ಲು, ನಾನೇ..." ಎಂದು ಆ ದನಿ ಗದ್ದಲದಲ್ಲಿ ಕುಗ್ಗಿಹೋಯಿತು. ಇಷ್ಟೆಲ್ಲ ಆಗುವಾಗ ಬಾಗಿಲಲ್ಲಿ ತನ್ನ ಹೆಂಡತಿ ಬಂದು ನಿಂತದ್ದನ್ನು ಅವನು ನೋಡಲಿಲ್ಲ. ನೋಡಿದಾಗ ಅವಳ ಒಂದು ಕೆನ್ನೆ ಬಿಸ್ಕತ್ತಿನಿಂದ ಉಬ್ಬಿತ್ತು, ಜಗಿಯುವುದು ನಿಂತಿತ್ತು. ನಾಲ್ಕನೆಯ ಸಲ ಯಾರೂ ಹೇಳಿಸಬೇಕಾಗಲಿಲ್ಲ, ಅವನೇ ಹೇಳಿದ.

ಹೆಂಡತಿ ಅವನ ಕಡೆ ಒಂದು ಸಲ ಮಾತ್ರ ನೋಡಿದಳು. ಆ ನೋಟ ಮನೆಗೆ ಹೋದ ಮೇಲೆ ಮುಂದುವರಿಯುವಂಥದ್ದು. ಆಮೇಲೆ ಮಂಚದ ಅಂಚಿನಲ್ಲಿ ಕೂತು, "ಅದಕ್ಕೇನಮ್ಮ ಮಗುವಿಗೆ ಹಾಲು ಕೊಡದೆ ಇದ್ದದ್ದು? ನೋವು ಅಂತ?" ಎಂದಳು.

"ನೋವು ಮಧ್ಯಾಹ್ನಕ್ಕೇ ಹೋಯ್ತು ಮೇಡಂ. ಅದಲ್ಲ." ಅವಳು ಮಗುವಿನ ಮೂಗನ್ನು ನೋಡುತ್ತ ಹೇಳಿದಳು. "ನಂಗೆ ನೋವಾಯ್ತು ಅಂತ ನಂಗೆ ಗೊತ್ತು. ಎಲ್ಲರೂ ಆಗಿಲ್ಲ ಅಂತಾರೆ. ಇಡೀ ದಿನ ಮಲ್ಕೊಂಡು ಯೋಚನೆ ಮಾಡ್ತಿದ್ದೆ, ನನ್ನ ಮೈಯೇ ಸುಳ್ಳು ಹೇಳುತ್ತೇನೋ ಅಂತ. ಪಕ್ಕದಲ್ಲಿ ಇವನು ಅಳ್ತಿದ್ದ. ಹಸಿವು ಅಂತ ಅತ್ತೆ ಹೇಳಿದ್ರು. ನಂಗೆ ನಂಬಿಕೆ ಬರಲಿಲ್ಲ. ನಿಜವಾಗ್ಲೂ ಹಸಿವಾ, ಸುಮ್ನೆ ಅಳ್ತಿದಾನಾ, ಹೇಗೆ ಗೊತ್ತಾಗ್ಬೇಕು?"

ಅವನಿಗೆ ಎದೆಯಲ್ಲಿ ಸಂಕಟವಾಯಿತು. ಅದಕ್ಕೆ ಯಾವ ಮದ್ದೂ ಹಿಡಿದಿರಲಿಲ್ಲ. ಹೆಂಡತಿ ಮಾತ್ರ ಸಂಶೋಧಕಿಯ ಹಟ ಬಿಡದೆ, "ಹಾಗಿದ್ದೂ ಇವರಿಗೆ ಐದು ಯಾಕಮ್ಮ ಕೊಟ್ಟೆ?" ಎಂದು ಕೇಳಿದಳು.

ಅವಳಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಕೊಡದೆ ಇರಕ್ಕಾಗುತ್ತಾ ಮೇಡಂ? ನಮ್ಮಲ್ಲೂ ಹಾಗೇ. ಐದಕ್ಕೆ ಒಂದು ಕಮ್ಮಿ ಬಂದ್ರೂ ಸೂಪರ್‌ವೈಸರು ಕರೆದು ಎಲ್ಲರ ಮುಂದೆ ನಿಲ್ಲಿಸ್ತಾರೆ. ಸಾರ್ ವಯಸ್ಸಾದವರು, ಪಾಪ, ಯಾಕೆ ನಿಲ್ಲಿಸೋದು ಅಂತ ಐದು ಅಂದೆ. ನಾವೆಲ್ಲ ಹಾಗೇ ಕೊಟ್ಟಿದ್ದು. ಅಲ್ವಾ ಅಕ್ಕ?"

ಪಕ್ಕದ ಮಂಚದವಳು ಹೌದೆಂದು ತಲೆಯಾಡಿಸಿದಳು. ಅದರಾಚೆಯವಳೂ ಆಡಿಸಿದಳು. ಹೆಂಡತಿ ನಿಧಾನವಾಗಿ ಕೋಟಿನ ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು, ಬಿಚ್ಚಿ, ಮೊದಲು ತಾನೊಂದು ತೆಗೆದುಕೊಂಡು, ಅತ್ತೆಗೊಂದು ಕೊಟ್ಟು, ಇಡೀ ಪ್ರಬಂಧಕ್ಕೆ ಅಂತ್ಯಕ್ರಿಯೆ ಮಾಡುವವಳ ಹಾಗೆ ಜಗಿಯತೊಡಗಿದಳು. ಭೂಮಿ ಬಾಯಿಬಿಡಬಾರದೆ ಎಂದು ಅವನು ನೆಲ ನೋಡಿದ. ಆಸ್ಪತ್ರೆಯ ನೆಲ, ಗಟ್ಟಿಯಾಗಿತ್ತು.

ಮಗು ಎದ್ದು ಅಳಲು ಶುರುಮಾಡಿತು. ಅತ್ತೆ ಏನೋ ಹೇಳಲು ಬಾಯಿ ತೆರೆದು, ಸೊಸೆಯ ಮುಖ ನೋಡಿ, ಬಿಸ್ಕತ್ತು ಇಟ್ಟುಕೊಂಡು ಮುಚ್ಚಿದರು. ಅವಳು ಯಾರನ್ನೂ ಕೇಳದೆ ಮಗುವನ್ನೆತ್ತಿ, ಸೆರಗಿನ ಮರೆ ಮಾಡಿ, ಎದೆಗಿಟ್ಟುಕೊಂಡಳು. ಅಳು ನಿಂತಿತು. ಅವನು ಬಾಗಿಲ ಕಡೆ ತಿರುಗಿ ಹೊರಡಲು ಹೆಜ್ಜೆಯಿಟ್ಟ. ಆಗಲೇ ಮದ್ದು ಇಳಿಯಲು ಶುರುವಾದದ್ದು. ಮೊದಲು ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ, ಆಮೇಲೆ ಒಮ್ಮೆಗೇ, ಕೊಯ್ದ ಜಾಗದಿಂದ ಮೊಣಕೈ ತನಕ, ಬೆಂಕಿ ಹೊತ್ತಿದಂತೆ. "ಅಮ್ಮಾ!" ಎಂಬ ಶಬ್ದ ಅವನ ಬಾಯಿಂದಲೇ ಬಂತು. "ನೋಯ್ತಿದೆ."

"ಅದು ನೋವಲ್ಲ ರೀ, ನರ ಎಚ್ಚರ ಆಗೋದು ಅಷ್ಟೆ. ನೀವೇ ಎಲ್ಲರಿಗೂ ಹೇಳ್ತೀರಲ್ಲ," ಎಂದಳು ಹೆಂಡತಿ, ತಲೆಯೆತ್ತದೆ.

ಮಂಚದ ಮೇಲಿನವಳು ಸೆರಗಿನ ಮರೆಯಲ್ಲಿ ಮಗುವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಅವನ ಕಡೆ ನೋಡಿ ಕೇಳಿದಳು:

"ಎಲ್ಲಿ?"

ಅವನು ಎಡಗೈಯ ಬೆರಳಿಂದ ಪಟ್ಟಿಯ ಮೇಲೆ, ಹೆಬ್ಬೆರಳಿನ ಬುಡದ ಹತ್ತಿರ, ಮುಟ್ಟಿ ತೋರಿಸಿದ. "ಇಲ್ಲಿ," ಎಂದ.